ಮಗಳು ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಆಗ್ತೀನಿ ಅಂತಿದ್ದಾಳೆ. ಅದು ನೆಚ್ಚಿಕೊಳ್ಳುವಂಥ ಕೆಲಸವೇ?

ಹಾಸನದಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಅಮೆರಿಕದ ಟೆನೆಸಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಹೈಸ್ಕೂಲಿನಿಂದಲೂ ಬ್ಯಾಸ್ಕೆಟ್‌ಬಾಲ್ ಆಡಿದವಳು. ಈಗ ಅಲ್ಲಿನ ಸಣ್ಣ ಕಾಲೇಜೊಂದರ ಹುಡುಗಿಯರ ತಂಡದ ಜೊತೆ ಓಡಾಡುತ್ತಾಳೆ. ಪ್ರ್ಯಾಕ್ಟೀಸಿಗೆ ಚೆಂಡು ಹೊಂದಿಸುವುದು, ಮ್ಯಾಚಿನ ವಿಡಿಯೊ ಕತ್ತರಿಸಿ ಕೊಡುವುದು, ಇಂಥವು. ಮೊನ್ನೆ ಫೋನಿನಲ್ಲಿ "ಅಮ್ಮ, ನಾನು ಕೋಚ್ ಆಗ್ತೀನಿ" ಅಂದಳು. ಬಾಯಿ ತೆಗೆದರೆ ಪ್ಯಾಟ್ ಸಮಿಟ್ ಅಂತ ಒಬ್ಬರ ಹೆಸರು. ನಮ್ಮ ಯಜಮಾನರು ಅವಳ ಜೊತೆ ಮಾತೇ ಬಿಟ್ಟಿದ್ದಾರೆ. ನಮ್ಮ ಕಡೆ ಇದೆಲ್ಲ ಪಿ.ಟಿ. ಮೇಷ್ಟ್ರು ಸಂಜೆ ಹೊತ್ತು ಮಾಡುವ ಕೆಲಸ. ಅಲ್ಲಿ ಇದನ್ನೇ ನಂಬಿಕೊಂಡು ಬದುಕಬಹುದಾ? ಯಾರು ಈ ಪ್ಯಾಟ್?

ಸುಮಾ, ನಾಕ್ಸ್‌ವಿಲ್:
ಅಮ್ಮ, ನಮ್ಮವರಿಗೆ ಓಕ್ ರಿಡ್ಜ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ನಾವು ಈ ಊರಿಗೆ ಬಂದಾಗ ಪ್ಯಾಟ್ ಇನ್ನೂ ಟೆನೆಸಿ ಯೂನಿವರ್ಸಿಟಿಯ ಕೋಚ್ ಆಗಿದ್ದರು. ಚಳಿಗಾಲ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಥಾಂಪ್ಸನ್-ಬೋಲಿಂಗ್ ಅರೀನಾಗೆ ಹೋಗಿಬಿಡುತ್ತಿದ್ದೆವು. ಅಗ್ಗದ ಟಿಕೆಟ್ಟು, ಮೇಲಿನ ಸಾಲು. ಅಲ್ಲಿಂದಲೂ ಅವರ ನೋಟ ಕಾಣುತ್ತಿತ್ತು! ತಂಡ ಎಷ್ಟೇ ಮುಂದಿದ್ದರೂ, ಒಬ್ಬಳು ರಿಬೌಂಡಿಗೆ (ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ) ಹಾರದೆ ಸುಮ್ನೆ ನಿಂತರೆ ಸಾಕು, ಬೆಂಚಿಗೆ ಕರೆದು ನೇರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವರು.

ನಿಮ್ಮ ಮಗಳಿಗೆ ಅವರು ಯಾಕೆ ಇಷ್ಟ ಅಂತ ನನಗೆ ಚೆನ್ನಾಗಿ ಗೊತ್ತಾಗುತ್ತೆ. ಹಳ್ಳಿ ಹುಡುಗಿ, ಹೊಲದ ಮನೆಯವರು. ಅಣ್ಣಂದಿರ ಜೊತೆ ಹುಲ್ಲಿನ ಅಟ್ಟದ ಮೇಲೆ ಆಡಿ ಕಲಿತವರು. ಅವರಿದ್ದ ಕಡೆ ಸ್ಕೂಲಿನಲ್ಲಿ ಹುಡುಗಿಯರ ತಂಡವಿಲ್ಲ ಅಂತ ಮನೆಯವರು ಪಕ್ಕದ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಮನೆಯನ್ನೇ ಬದಲಿಸಿದರು. 1974ರಲ್ಲಿ ಟೆನೆಸಿ ಯೂನಿವರ್ಸಿಟಿಗೆ ಬಂದದ್ದು ಓದುತ್ತಾ ಕೋಚಿಗೆ ಸಹಾಯ ಮಾಡಲು. ಅಷ್ಟರಲ್ಲಿ ಮುಖ್ಯ ಕೋಚ್ ಬಿಟ್ಟು ಹೋದರು, ಆ ಜಾಗ ಇವರ ತಲೆಗೆ ಬಂತು. ಆಗ ವಯಸ್ಸು 22. ಕೆಲವು ಆಟಗಾರ್ತಿಯರು ಇವರಿಗಿಂತ ಒಂದೇ ವರ್ಷ ಚಿಕ್ಕವರು. ತಿಂಗಳಿಗೆ 250 ಡಾಲರ್. ವ್ಯಾನ್ ಓಡಿಸುವುದೂ ಇವರೇ, ಜೆರ್ಸಿ ಒಗೆಯುವುದೂ ಇವರೇ. ಆ ಜೆರ್ಸಿಗಳು ಡೋನಟ್ ಮಾರಿದ ದುಡ್ಡಿನಲ್ಲಿ ಬಂದವು. ಮೊದಲ ಮ್ಯಾಚು ಒಂದೇ ಪಾಯಿಂಟಿನಲ್ಲಿ ಸೋತರು.

ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1987ರಲ್ಲಿ. ನಡುವೆ 1976ರ ಒಲಿಂಪಿಕ್ಸ್‌ನಲ್ಲಿ ತಾವೇ ಆಡಿ ಬೆಳ್ಳಿ, 1984ರಲ್ಲಿ ಕೋಚ್ ಆಗಿ ಚಿನ್ನ. ಕೊನೆಗೆ ಲೆಕ್ಕ ಹಾಕಿದರೆ 38 ಸೀಸನ್, 1,098 ಗೆಲುವು, 208 ಸೋಲು, 8 ರಾಷ್ಟ್ರೀಯ ಪ್ರಶಸ್ತಿ. ಎಲ್ಲವೂ ಇದೊಂದೇ ಯೂನಿವರ್ಸಿಟಿಯಲ್ಲಿ.

ಎಲ್ಲರೂ 1998ರ ತಂಡವನ್ನು ಹೊಗಳುತ್ತಾರೆ. 39 ಮ್ಯಾಚು, ಒಂದೂ ಸೋಲಿಲ್ಲ. ಆದರೆ ಕೋಚಿಂಗ್ ಅಂದರೇನು ಅಂತ ತಿಳಿಯಬೇಕಾದರೆ ಅದರ ಹಿಂದಿನ ವರ್ಷ ನೋಡಬೇಕು ಅನ್ನೋದು ನನ್ನ ಮಾತು. ಶಮೀಕ್ ಹೋಲ್ಡ್ಸ್‌ಕ್ಲಾ ಥರದ ಆಟಗಾರ್ತಿ ಇದ್ದೂ ಆ ಸೀಸನ್‌ನಲ್ಲಿ 10 ಮ್ಯಾಚು ಸೋತರು. ಚೆಂಡು ಹಿಡಿದು ತಂಡದ ಆಟ ನಡೆಸುವ ಪಾಯಿಂಟ್ ಗಾರ್ಡ್ ಕೆಲ್ಲಿ ಜಾಲಿಗೆ ಮಂಡಿಯ ಲಿಗಮೆಂಟ್ ಹರಿದಿತ್ತು. ಅವಳು ಸೀಸನ್ ನಡುವೆ ವಾಪಸ್ ಬಂದಳು, ತಂಡ ಮೆಲ್ಲಗೆ ಕೂಡಿಕೊಂಡಿತು. ಅಲ್ಲಿವರೆಗೆ 33 ಮ್ಯಾಚು ಸೋಲದೆ ಬಂದಿದ್ದ ಕನೆಕ್ಟಿಕಟ್‌ ತಂಡವನ್ನು ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯಲ್ಲಿ 91-81ಕ್ಕೆ ಹೊರಗೆ ಹಾಕಿ, ಆಮೇಲೆ ಪ್ರಶಸ್ತಿಯನ್ನೂ ಗೆದ್ದರು. ಹತ್ತು ಸಲ ಸೋತ ಹುಡುಗಿಯರನ್ನು ಮಾರ್ಚ್ ತನಕ ಕುಗ್ಗದಂತೆ ಹಿಡಿದಿಡೋದು ಸಣ್ಣ ಮಾತಲ್ಲ.

ಓದಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಕ್ಲಾಸಿನಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು, ಕ್ಲಾಸ್ ತಪ್ಪಿಸಿದರೆ ಆಟವಿಲ್ಲ. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬಳೂ ಡಿಗ್ರಿ ಮುಗಿಸಿದ್ದಾಳೆ. ಇದನ್ನು ನಿಮ್ಮ ಯಜಮಾನರಿಗೆ ಹೇಳಿ.

ಶ್ರೀಧರ, ರಾಲಿ:
ಸುಮಾ ಅವರು ಹೇಳಿದ್ದೆಲ್ಲ ನಿಜ. ಆದರೆ ಈಗ ಒಂದೇ ಕಡೆ 38 ವರ್ಷ ಇರುವುದು ಕಷ್ಟ. ಅದೇ ಕೆಲ್ಲಿ ಜಾಲಿಯನ್ನೇ ನೋಡಿ, ಮದುವೆಯಾದ ಮೇಲೆ ಕೆಲ್ಲಿ ಹಾರ್ಪರ್. ಮೊದಲು ಸಹಾಯಕ ಕೋಚ್, ಆಮೇಲೆ ವೆಸ್ಟರ್ನ್ ಕ್ಯಾರೊಲೈನಾದಲ್ಲಿ ಮುಖ್ಯ ಕೋಚ್. ನಮ್ಮೂರಿನ ಎನ್.ಸಿ. ಸ್ಟೇಟ್‌ಗೆ ಬಂದರು, 2013ರಲ್ಲಿ ಕೆಲಸ ಹೋಯಿತು. ಮಿಸೌರಿ ಸ್ಟೇಟ್‌ಗೆ ಹೋಗಿ ಮತ್ತೆ ಕಟ್ಟಿದರು. 2019ರಲ್ಲಿ ತಮ್ಮ ಹಳೇ ಟೆನೆಸಿಗೇ ಕೋಚ್ ಆದರು, 2024ರಲ್ಲಿ ಅಲ್ಲೂ ಅವರನ್ನು ಕೆಲಸದಿಂದ ತೆಗೆದರು. ಈಗ ಬೇರೆ ಕಡೆ ಕೋಚ್ ಆಗಿದ್ದಾರೆ. ಊರೂರು ಗಂಟುಮೂಟೆ ಕಟ್ಟಲು ತಯಾರಿರಬೇಕು. ಆಟಗಾರರೂ ಈಗ ಸುಲಭವಾಗಿ ಕಾಲೇಜು ಬದಲಿಸಬಹುದು. 2021ರಿಂದ ಜಾಹೀರಾತಿನಂಥವುಗಳಲ್ಲಿ ತಮ್ಮ ಹೆಸರಿನ ಮೇಲೆ ದುಡ್ಡೂ ಮಾಡಬಹುದು. ಹಾಗಾಗಿ ಕೋಚ್ ಪ್ರತಿ ವರ್ಷ ತನ್ನ ತಂಡವನ್ನೇ ಮತ್ತೆ ಒಲಿಸಿಕೊಳ್ಳಬೇಕು.

ಹಾಸನದಮ್ಮ:
ಇಬ್ಬರಿಗೂ ಧನ್ಯವಾದ. ಇಷ್ಟೆಲ್ಲ ಅಲೆದಾಟದಲ್ಲಿ ಸಂಸಾರ ಹೇಗೆ, ಸುಮಾ?

ಸುಮಾ, ನಾಕ್ಸ್‌ವಿಲ್:
ಸುಲಭ ಇಲ್ಲ ಅಮ್ಮ, ಮುಚ್ಚುಮರೆ ಯಾಕೆ. 1990ರಲ್ಲಿ ತುಂಬು ಬಸುರಿ ಪ್ಯಾಟ್ ಒಬ್ಬ ಹುಡುಗಿಯನ್ನು ತಂಡಕ್ಕೆ ಕರೆಯಲು ಪೆನ್ಸಿಲ್ವೇನಿಯಾಗೆ ಹೋಗಿದ್ದರು. ಅಲ್ಲೇ ನೋವು ಶುರು. ವಿಮಾನ ಹತ್ತಿ, ದಾರಿಯಲ್ಲಿ ಎಲ್ಲೂ ಇಳಿಸಬೇಡಿ, ಮಗು ಟೆನೆಸಿಯಲ್ಲೇ ಹುಟ್ಟಬೇಕು ಅಂತ ಹಟ ಹಿಡಿದು ನಾಕ್ಸ್‌ವಿಲ್‌ಗೆ ಬಂದರು. ಇದನ್ನು ಇಲ್ಲಿನ ಜನ ಹೆಮ್ಮೆಯಿಂದ ಹೇಳುತ್ತಾರೆ. ಎರಡು ಹೆತ್ತ ನನಗೆ ಕೇಳಿದಾಗೆಲ್ಲ ಎದೆ ಧಸಕ್ ಅನ್ನುತ್ತೆ. ಇದನ್ನು ನಿಮ್ಮ ಮಗಳು ಮಾದರಿ ಅಂತ ತಗೊಳ್ಳೋದು ಬೇಡ.

ತಗೊಳ್ಳಬೇಕಾದ್ದು 2011ರ ಪ್ಯಾಟ್‌ರನ್ನು. ಆಗ 59 ವರ್ಷ, ಅಲ್‌ಝೈಮರ್ ಶುರುವಾಗಿದೆ ಅಂತ ತಾವೇ ಎಲ್ಲರೆದುರು ಹೇಳಿದರು. ಆ ಸೀಸನ್ ಪೂರ್ತಿ ಬೆಂಚಿನ ಮೇಲಿದ್ದರು. ಎದ್ದು ನಿಂತು ಕೂಗುತ್ತಿದ್ದವರು ಹಾಲಿ ವಾರ್ಲಿಕ್, ಒಂದು ಕಾಲದಲ್ಲಿ ಪ್ಯಾಟ್ ಕೈಕೆಳಗೆ ಆಡಿ, ವರ್ಷಗಟ್ಟಲೆ ಅವರ ಸಹಾಯಕಿಯಾಗಿದ್ದವರು. 2012ರಲ್ಲಿ ಜಾಗ ಅವರಿಗೇ ಹೋಯಿತು. ಪ್ಯಾಟ್ 2016ರಲ್ಲಿ ತೀರಿಕೊಂಡರು. ತನ್ನ ಕೆಲಸವನ್ನು ಬೇರೊಬ್ಬರು ಮಾಡಲು ಬರುವಂತೆ ಮೊದಲೇ ಬೆಳೆಸಿಟ್ಟಿದ್ದರು ಅಲ್ವಾ!

ಮಗಳಿಗೆ ಒಂದು ಮಾತು ಹೇಳಿ. ವಿಡಿಯೊ ಕತ್ತರಿಸಿ ಕೊಟ್ಟು ಎದ್ದು ಬರಬೇಡ, ಎದುರಾಳಿ ತಂಡದ ಬಗ್ಗೆ ಕೋಚ್‌ಗಳು ಮಾತಾಡುವಾಗ ಮೂಲೆಯಲ್ಲಿ ಕೂರಲು ಕೇಳು. ಈ ಸೀಸನ್ ಮುಗಿಯುವಷ್ಟರಲ್ಲಿ ಒಂದು ಮ್ಯಾಚಿಗಾದರೂ ಎದುರಾಳಿ ತಂಡದ ಬಗೆಗಿನ ವರದಿಯನ್ನು ಅವಳೇ ಬರೆದುಕೊಡಲಿ. ಆಮೇಲೆ ನಾಕ್ಸ್‌ವಿಲ್ ಕಡೆ ಬಂದರೆ ನಮ್ಮ ಮನೆಗೇ ಊಟಕ್ಕೆ ಬರಲಿ, ಮ್ಯಾಚಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.