ಹೆಲ್ಮೆಟ್ಟು, ಸೀಟ್ ಬೆಲ್ಟು ನಿಜವಾಗ್ಲೂ ಜೀವ ಉಳಿಸ್ತಾವಾ?

ಶಿರಾಗೇಟ್_ಹುಡ್ಗ:
ನಮ್ಮಪ್ಪ ಕ್ಯಾತ್ಸಂದ್ರದಿಂದ ತುಮಕೂರು ಟೌನಿಗೆ ದಿನಾ ಬೈಕಲ್ಲೇ ಓಡಾಡೋದು, ಹೆಲ್ಮೆಟ್ ಹಾಕ್ಕೊಳಿ ಅಂದ್ರೆ ಹಣೇಲಿ ಬರ್ದಿದ್ದು ತಪ್ಪುತ್ತಾ ಅಂತಾರೆ, ಪೊಲೀಸ್ ಕಂಡ್ರೆ ಮಾತ್ರ ಟ್ಯಾಂಕ್ ಮೇಲಿರೋ ಅರ್ಧ ಚಿಪ್ಪು ತಲೆಗೆ ಏರುತ್ತೆ. ಕಾರಲ್ಲಿ ಏರ್‌ಬ್ಯಾಗ್ ಇದ್ಯಲ್ಲ ಬೆಲ್ಟ್ ಯಾಕೆ ಅನ್ನೋ ವಾದ ಬೇರೆ. ಲೆಕ್ಕ ಏನಾದ್ರೂ ಇದ್ರೆ ಹೇಳ್ರಪ್ಪ.

ಗೂಳೂರು_ರೈಡರ್:
ತುಂಬಾ ಅಧ್ಯಯನಗಳನ್ನ ಒಟ್ಟಿಗೆ ಸೇರ್ಸಿ ನೋಡಿರೋ ಲೆಕ್ಕದಲ್ಲಿ ಹೆಲ್ಮೆಟ್ ಇದ್ರೆ ಸಾಯೋ ಅಪಾಯ ಸುಮಾರು 42%, ತಲೆಗೆ ಪೆಟ್ಟಾಗೋದು ಸುಮಾರು 69% ಕಮ್ಮಿ. ಆದ್ರೆ ಗಟ್ಟಿ ಹೊರಚಿಪ್ಪೊಂದೇ ಅಲ್ಲ ಗುರು, ಒಳಗೆ ಥರ್ಮಾಕೋಲ್ ಥರ ಪದರ ಇರುತ್ತಲ್ಲ ಅದು ಅಪ್ಪಚ್ಚಿ ಆಗ್ತಾ ಹೊಡೆತ ನುಂಗುತ್ತೆ, ತಲೆ ಒಂದೇ ಸಲ ನಿಲ್ಲದೆ ಒಂಚೂರು ನಿಧಾನ ಆಗಿ ನಿಲ್ಲುತ್ತೆ, ಮಿದುಳು ಬುರುಡೆಗೆ ಅಪ್ಪಳ್ಸೋದು ಅಷ್ಟು ಕಮ್ಮಿ. ಒಂದ್ಸಲ ಜೋರಾಗಿ ಬಿದ್ದಿರೋದನ್ನ ಮತ್ತೆ ಹಾಕ್ಬೇಡಿ, ಆ ಪದರ ವಾಪಸ್ ಉಬ್ಬಲ್ಲ. ಅಪ್ಪನ ಚಿಪ್ಪಲ್ಲಿ ಆ ಪದರಾನೇ ಇರಲ್ಲ ಬಿಡಿ. ಐಎಸ್ 4151 (ಹೆಲ್ಮೆಟ್ಟಿಗಿರೋ ಭಾರತದ ಗುಣಮಟ್ಟದ ನಂಬರ್) ಮಾರ್ಕ್ ನೋಡಿ ತಗೊಳಿ, ಗದ್ದದ ಪಟ್ಟಿ ಹಾಕ್ಸಿ.

ಹೈವೇ48:
ಬೆಲ್ಟು ಮುಂದೆ ಕೂತೋರ ಸಾವಿನ ಅಪಾಯ 45ರಿಂದ 50% ಇಳ್ಸುತ್ತೆ, ಹಿಂದಿನೋರಿಗೆ ಸಾವು, ಗಂಭೀರ ಗಾಯದ ಅಪಾಯ 25% ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಏರ್‌ಬ್ಯಾಗು ಬೆಲ್ಟಿನ ಜೊತೆಗಾರ ಅಷ್ಟೇ, ಬೆಲ್ಟ್ ಹಾಕಿಲ್ಲ ಅಂದ್ರೆ ಬಾಡಿ ಮುಂದಕ್ಕೆ ನುಗ್ಗಿ, ಇನ್ನೂ ಉಬ್ತಾ ಇರೋ ಬ್ಯಾಗೇ ಮುಖಕ್ಕೆ ಬಾರಿಸುತ್ತೆ. ಹಿಂದೆ ಬೆಲ್ಟ್ ಇಲ್ದೆ ಕೂತೋರು ಮುಂದಿನ ಸೀಟಿನವ್ರ ಬೆನ್ನಿಗೇ ಬಂದು ಬಡಿತಾರೆ.

ಶಿರಾಗೇಟ್_ಹುಡ್ಗ:
ಥ್ಯಾಂಕ್ಸ್. ಈ ಬೆನ್ನಿಗೆ ಬಡಿಯೋ ಪಾಯಿಂಟ್ ಅಮ್ಮನ ಮುಂದೆ ಹೇಳ್ತೀನಿ, ಅವ್ರು ಯಾವಾಗ್ಲೂ ಅಪ್ಪನ ಹಿಂದಿನ ಸೀಟಲ್ಲೇ ಕೂರೋದು.