ರೋಮ್ ನಗರವನ್ನು ಕಡಿಮೆ ಖರ್ಚಿನಲ್ಲಿ ನೋಡುವ ಬಗೆ

ಬದಿಯಡ್ಕದ ಕೃಷಿಕ:
ಮಾನ್ಯರೇ, ಬರುವ ನವೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ರೋಮ್‌ಗೆ ಹೋಗಬೇಕೆಂದಿದ್ದೇವೆ. ಇಟಲಿಯೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾದ ಶುಲ್ಕವೇ ಒಬ್ಬರಿಗೆ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮಂಗಳೂರಿನಿಂದ ಕೊಲ್ಲಿಯ ದಾರಿಯಾಗಿ ಹೋಗುವ ವಿಮಾನದ ವೆಚ್ಚವನ್ನೂ ಸೇರಿಸಿದರೆ, ಅಡಿಕೆ ಮಾರಿ ಕೂಡಿಟ್ಟ ಹಣದ ದೊಡ್ಡ ಪಾಲು ಊರು ಬಿಡುವ ಮೊದಲೇ ಮುಗಿಯುತ್ತದೆ. ಉಳಿದುದರಲ್ಲಿ ಯಾವುದಕ್ಕೆ ಟಿಕೆಟ್ ಕೊಂಡು ನೋಡಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ? ತಿಂಗಳ ಮೊದಲ ಭಾನುವಾರ ಸರಕಾರಿ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಉಚಿತವೆಂದು ಕೇಳಿದ್ದೇನೆ. ಪ್ರಯಾಣವನ್ನು ಆ ದಿನಕ್ಕೆ ಹೊಂದಿಸಿಕೊಳ್ಳುವುದು ಲೇಸೇ? ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವವರಲ್ಲ.

ಬೇಳದವನು:
ಕ್ಯಾಥೊಲಿಕರ ಜುಬಿಲಿ ಎಂಬ ಪವಿತ್ರ ವರ್ಷವಾಗಿದ್ದ 2025ರಲ್ಲಿ ಅಲ್ಲಿಗೆ ಹೋಗಿದ್ದವನಾದ್ದರಿಂದ ಇಷ್ಟನ್ನು ಧೈರ್ಯದಿಂದ ಹೇಳಬಲ್ಲೆ: ರೋಮ್‌ನಲ್ಲಿ ಹಣ ಕರಗುವುದು ಕೋಣೆಯ ಬಾಡಿಗೆಯಲ್ಲಿ, ನೋಡುವುದರಲ್ಲಿ ಅಷ್ಟಾಗಿ ಅಲ್ಲ. ವ್ಯಾಟಿಕನ್ನಿನ ಸಂತ ಪೇತ್ರರ ಮಹಾದೇವಾಲಯಕ್ಕೆ ಪ್ರವೇಶ ಉಚಿತ; ಗುಮ್ಮಟವನ್ನು ಹತ್ತುವುದಾದರೆ ಮಾತ್ರ ಟಿಕೆಟ್ ಬೇಕು. ಭದ್ರತಾ ತಪಾಸಣೆಯ ಸಾಲು ಬೆಳೆಯುವ ಮೊದಲು, ಬೆಳಗ್ಗೆ ಬೇಗನೆ ಹೋಗಿ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಇರಲೇಬೇಕು.

ಇನ್ನು ಇಗರ್ಜಿಗಳ ವಿಷಯ. ಸಂತ ಲೂಯಿಯ ಫ್ರೆಂಚ್ ಇಗರ್ಜಿಯಲ್ಲಿ ಸುಂಕದವನಾಗಿದ್ದು ಯೇಸುವಿನ ಶಿಷ್ಯನಾದ ಸಂತ ಮತ್ತಾಯನ ಬಗ್ಗೆ ಕರಾವಾಜ್ಜೊ ಬರೆದ ಮೂರು ಚಿತ್ರಗಳಿವೆ, ವಿಂಕೊಲಿಯ ಸಂತ ಪೇತ್ರರ ಇಗರ್ಜಿಯಲ್ಲಿ ಮೈಕೆಲೇಂಜೆಲೊ ಕಡೆದ ಮೋಶೆಯ ವಿಗ್ರಹವಿದೆ. ಎರಡಕ್ಕೂ ಪ್ರವೇಶ ಶುಲ್ಕವಿಲ್ಲ. ಕರಾವಾಜ್ಜೊವಿನ ಚಿತ್ರಗಳಿರುವ, ಇಗರ್ಜಿಯ ಒಳಬದಿಯ ಸಣ್ಣ ಆಲಯ ಕತ್ತಲಾಗಿರುತ್ತದೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹೊತ್ತಿಕೊಂಡು, ಮೇಜಿನ ಸುತ್ತ ಕುಳಿತು ಹಣ ಎಣಿಸುತ್ತಿರುವ ಸುಂಕದವರೂ, ಬಲಗಡೆಯಿಂದ ಅವರ ಕಡೆಗೆ ಚಾಚಿದ ಯೇಸುವಿನ ಕೈಯೂ ಕಾಣುತ್ತವೆ, ಸ್ವಲ್ಪ ಹೊತ್ತಿನಲ್ಲಿ ದೀಪ ಆರಿಹೋಗುತ್ತದೆ. ಮುಂದಿನ ನಾಣ್ಯವನ್ನು ಬೇರೆ ಯಾರಾದರೂ ಹಾಕಲಿ ಎಂದು ಎಲ್ಲರೂ ಕಾಯುತ್ತ ನಿಲ್ಲುತ್ತಾರೆ. ಈ ವಿಷಯದಲ್ಲಿ ದೇಶಭೇದವಿಲ್ಲ. ಚಿಲ್ಲರೆ ಇಟ್ಟುಕೊಂಡಿರಿ.

ಪ್ರಾಚೀನ ರೋಮನ್ನರ ದೇಗುಲವಾಗಿದ್ದ ಪ್ಯಾಂಥಿಯನ್‌ಗೆ 2023ರ ಜುಲೈಯಿಂದ ಶುಲ್ಕವಿದೆ, ಆರಂಭದಲ್ಲಿ ಅದು 5 ಯೂರೊ ಇತ್ತು. ಗುಮ್ಮಟದ ನೆತ್ತಿಯಲ್ಲಿರುವ ಸುಮಾರು 9 ಮೀಟರ್ ಅಗಲದ ತೆರಪಿನಿಂದ ಮಳೆ ನೇರವಾಗಿ ಒಳಗೇ ಬಿದ್ದು, ನೆಲದ ಸಣ್ಣ ತೂತುಗಳ ಮೂಲಕ ಹರಿದುಹೋಗುತ್ತದೆ. ನವೆಂಬರಿನಲ್ಲಿ ಅಲ್ಲಿ ಮಳೆ ಸಾಮಾನ್ಯವಾದ್ದರಿಂದ ನಿಮಗೆ ಅದೂ ನೋಡಲು ಸಿಕ್ಕೀತು. ಕೊಲೊಸಿಯಮ್ಮಿನ ಟಿಕೆಟ್‌ನಲ್ಲಿ ಪ್ರಾಚೀನ ನಗರದ ಅವಶೇಷಗಳಿರುವ ಫೋರಂ ಮತ್ತು ಪ್ಯಾಲಟೈನ್ ಬೆಟ್ಟವೂ ಸೇರಿರುವುದರಿಂದ ಆ ಹಣವನ್ನು ಉಳಿಸಲು ಹೋಗಬೇಡಿ. ಆದರೆ ಅಧಿಕೃತ ಜಾಲತಾಣದಲ್ಲಿಯೇ ಮುಂಗಡವಾಗಿ ಕೊಳ್ಳಿ, ಟಿಕೆಟ್‌ನಲ್ಲಿ ಹೆಸರಿರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ.

ಮಂಜೇಶ್ವರದ ನಿವೃತ್ತ ಅಧ್ಯಾಪಕ:
ಮೇಲಿನವರು ಉಚಿತ ಭಾನುವಾರದ ಪ್ರಶ್ನೆಗೆ ಉತ್ತರಿಸಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದಕ್ಕಾಗಿ ದಿನಾಂಕ ಹೊಂದಿಸುವುದು ಬೇಡ. ಆ ದಿನ ಕೊಲೊಸಿಯಮ್ಮಿಗೆ ಮುಂಗಡ ಕಾಯ್ದಿರಿಸುವಿಕೆ ಇರುವುದಿಲ್ಲ, ಸ್ಥಳದಲ್ಲಿಯೇ ಸಾಲಿನಲ್ಲಿ ನಿಂತು ಟಿಕೆಟ್ ಪಡೆಯಬೇಕು. ಇಷ್ಟು ದೂರ ಹೋಗಿ ಅರ್ಧ ದಿನವನ್ನು ಸಾಲಿನಲ್ಲಿ ಕಳೆಯುವುದು ಉಳಿತಾಯವಲ್ಲ. ವ್ಯಾಟಿಕನ್ ವಸ್ತುಸಂಗ್ರಹಾಲಯದ ಉಚಿತ ದಿನ ಬೇರೆ, ಅದು ತಿಂಗಳ ಕೊನೆಯ ಭಾನುವಾರ, ಅಲ್ಲಿಯೂ ನೂಕುನುಗ್ಗಲೇ.

ನಿಜವಾದ ಉಳಿತಾಯ ಓಡಾಟದಲ್ಲಿದೆ. ಫ್ಯೂಮಿಚಿನೊ ವಿಮಾನ ನಿಲ್ದಾಣದಿಂದ ನಗರದ ಮುಖ್ಯ ರೈಲು ನಿಲ್ದಾಣವಾದ ತೆರ್ಮಿನಿಗೆ ಹೋಗುವ ಲಿಯೊನಾರ್ದೊ ಎಕ್ಸ್‌ಪ್ರೆಸ್ ರೈಲಿಗೆ 14 ಯೂರೊ. ಅದೇ ವಿಮಾನ ನಿಲ್ದಾಣದಿಂದ ನಗರದೊಳಗಿನ ತ್ರಾಸ್ತೆವೆರೆ, ಓಸ್ತಿಯೆನ್ಸೆ ಕಡೆಗೆ ಹೋಗುವ ಲೋಕಲ್ ರೈಲಿಗೆ 8 ಯೂರೊ. ಓಸ್ತಿಯೆನ್ಸೆಯಲ್ಲಿ ಇಳಿದರೆ ಪಕ್ಕದಲ್ಲಿಯೇ ಪಿರಾಮಿದೆ ಮೆಟ್ರೊ ನಿಲ್ದಾಣವಿದೆ. ತೀರ ಹೊರವಲಯದಲ್ಲಿ ಅಗ್ಗದ ಕೋಣೆ ಹಿಡಿಯುವುದಕ್ಕಿಂತ ಮೆಟ್ರೊ ಹತ್ತಿರವಿರುವ ಕೋಣೆಗೆ ಸ್ವಲ್ಪ ಹೆಚ್ಚು ಕೊಡುವುದು ಮೇಲು. ಬೆಲೆ ಹೋಲಿಸುವಾಗ ಒಬ್ಬೊಬ್ಬರಿಗೆ ರಾತ್ರಿಯ ಲೆಕ್ಕದಲ್ಲಿ ವಸೂಲು ಮಾಡುವ ನಗರ ತೆರಿಗೆಯನ್ನು ಕೂಡಿಸಿಕೊಳ್ಳಿ.

ಪೆರ್ಲದ ಹುಡುಗಿ, ಈಗ ಇಟಲಿಯಲ್ಲಿ:
ಅಣ್ಣಾ, ಊಟದ ವಿಚಾರಕ್ಕೆ ಮಾತ್ರ ನಾನು ಬರೆಯುತ್ತೇನೆ. ತೂಕಕ್ಕೆ ಮಾರುವ ಪಿತ್ಸಾ ಅಂಗಡಿಗಳಲ್ಲಿ ಎಷ್ಟು ಬೇಕೆಂದು ಕೈಯಲ್ಲಿ ತೋರಿಸಿದರೆ ಕತ್ತರಿಯಿಂದ ತುಂಡರಿಸಿ ತೂಗಿ ಕೊಡುತ್ತಾರೆ, ಇಬ್ಬರಿಗೆ ಮಧ್ಯಾಹ್ನದ ಊಟಕ್ಕೆ ಅದೇ ಅಗ್ಗ. ಒಣ ಸ್ಪಾಗೆತ್ತಿ ಗೋಧಿಯ ರವೆಯಿಂದ ಮಾಡಿದ್ದು. ಫೆತ್ತುಚ್ಚೀನೆಯಂತಹ ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ, ಕೇಳಿಯೇ ತಿನ್ನಿ. ಸುಪ್ಲಿ ಎಂಬ ಅನ್ನದ ಉಂಡೆ ನೋಡಲು ನಮ್ಮ ಬೋಂಡದ ಹಾಗಿದ್ದರೂ ಒಳಗೆ ಸಾಮಾನ್ಯವಾಗಿ ಮಾಂಸದ ಗೊಜ್ಜು ಇರುತ್ತದೆ. ಪೆಕೊರಿನೊ ರೊಮಾನೊ ಚೀಸನ್ನು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಮಾಡುತ್ತಾರೆ; ಅದೂ ಸಲ್ಲದೆಂದಾದರೆ ಚೀಸ್ ಇಲ್ಲದ ಮರಿನಾರ ಪಿತ್ಸಾ ಕೇಳಿ. ಕಾಫಿಯನ್ನು ನಿಂತೇ ಕುಡಿಯಿರಿ, ಪ್ರವಾಸಿಗರು ಸೇರುವ ಕಡೆ ಕುಳಿತರೆ ದರ ಏರುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ: ಬೀದಿಯಲ್ಲೆಲ್ಲ ಎರಕದ ಕಬ್ಬಿಣದ ನಲ್ಲಿಗಳಿವೆ, ಕೆಳಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಕುಡಿಯಲು ಯೋಗ್ಯವಾದ ನೀರೇ.

ಬದಿಯಡ್ಕದ ಕೃಷಿಕ:
ಎಲ್ಲರಿಗೂ ಧನ್ಯವಾದಗಳು. ಉಚಿತ ಭಾನುವಾರವನ್ನು ಕೈಬಿಟ್ಟು, ಓಸ್ತಿಯೆನ್ಸೆಯ ಸುತ್ತಮುತ್ತ ಕೋಣೆ ನೋಡುತ್ತಿದ್ದೇನೆ. ತಂಗೀ, ಅವಲಕ್ಕಿ ಮತ್ತು ಚಟ್ನಿಪುಡಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ತರಬಹುದೇ?

ಪೆರ್ಲದ ಹುಡುಗಿ, ಈಗ ಇಟಲಿಯಲ್ಲಿ:
ತರಬಹುದು. ಹಾಲು, ತುಪ್ಪ, ಪೇಡೆ ಮಾತ್ರ ಬೇಡ. ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಒಳಗೆ ತರುವುದು ಐರೋಪ್ಯ ಒಕ್ಕೂಟದಲ್ಲಿ ನಿಷಿದ್ಧ.