ರಿಪೋರ್ಟ್ ಚೆನ್ನಾಗಿದೆಯಲ್ಲ, ಮತ್ತೆ ಯಾಕೆ ತುರಿಕೆ?

ನಮ್ಮ ತಂದೆಯ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ 31 ಜನ ಇದ್ದೇವೆ. ಕಳೆದ ಭಾನುವಾರ ಬೆಳಿಗ್ಗೆ ಏಳೂವರೆಗೆ ಸರಳತ್ತೆ ಒಂದು ಫಾರ್ವರ್ಡ್ ಹಾಕಿದರು. ದಪ್ಪಕ್ಷರದ ತಲೆಬರಹ ಹೀಗಿತ್ತು: "ಮೈ ತುರಿಸುತ್ತಿದೆಯಾ? ಪಿತ್ತನಾಳದ ಕಾಯಿಲೆ ಇರಬಹುದು! ಒಂದೇ ರಕ್ತ ಪರೀಕ್ಷೆ ಸಾಕು. ರಿಪೋರ್ಟ್ ಸರಿ ಇದ್ದರೆ ಚಿಂತೆ ಬೇಡ." ಅದರ ಕೆಳಗೆ 'ಇನ್ನಷ್ಟು ಓದಿ' ಅಂತ ಇತ್ತು. ಅದನ್ನು ಒತ್ತಿ ಪೂರ್ತಿ ಓದಿದವರು ಯಾರೂ ಇಲ್ಲ. ನಾನೂ ಒತ್ತಲಿಲ್ಲ. ಆರು ವರ್ಷದಿಂದ ನನಗೆ ಪಿಬಿಸಿ ಇದೆ. ಲಿವರ್ ಒಳಗಿನ ಸಣ್ಣ ಪಿತ್ತನಾಳಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಿಧಾನವಾಗಿ ಕೆಡಿಸುವ ಕಾಯಿಲೆ ಅದು. ತಲೆಬರಹ ನೋಡಿಯೇ ಹೊಟ್ಟೆ ಉರಿಯಿತು.

ಸರಳತ್ತೆ: ಎಲ್ಲರೂ ಓದಿ. ವನಜಾ, ನೀನಂತೂ ಓದಲೇಬೇಕು. ರಿಪೋರ್ಟ್ ಸರಿ ಇದ್ದರೆ ಚಿಂತೆ ಬೇಡ ಅಂತ ಬರೆದಿದ್ದಾರೆ. ನಾನು ಹೇಳುತ್ತಾ ಬಂದಿದ್ದೂ ಅದನ್ನೇ ಅಲ್ವಾ?

ಶ್ರೀಧರ ಭಾವ: ಇದನ್ನು ಬರೆದವರು ಯಾರು? ಎಲ್ಲಿಂದ ಬಂತು?

ಸರಳತ್ತೆ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು.

ಶ್ರೀಧರ ಭಾವ: ಅದು ಆಧಾರ ಅಲ್ಲ ಅತ್ತೆ. 'ಒಂದೇ ಪರೀಕ್ಷೆ' ಅಂದರೆ ಯಾವುದು? ಲಿವರ್ ಪರೀಕ್ಷೆಯಲ್ಲಿ ನೋಡುವ ಎಎಲ್‌ಪಿ ಎಂಬ ಕಿಣ್ವ ಆದರೆ ಅದು ಮೂಳೆಯಿಂದಲೂ ಬರುತ್ತದೆ. ಬೆಳೆಯುವ ಮಕ್ಕಳಲ್ಲಿ, ಬಸುರಿಯರಲ್ಲಿ ಜಾಸ್ತಿಯೇ ಇರುತ್ತದೆ.

ಸರಳತ್ತೆ: ನಾನು ಏನು ಹಾಕಿದರೂ ನಿಮಗೆ ತಪ್ಪು ಕಾಣಿಸುತ್ತದೆ. ಬೇರೆಯವರು ಹಾಕಿದಾಗ ಯಾರೂ ಆಧಾರ ಕೇಳುವುದಿಲ್ಲ.

ಭಾವ ಹೇಳಿದ್ದು ಸರಿ. ನನಗೂ ಮೊದಲು ಏರಿದ್ದು ಎಎಲ್‌ಪಿ. ಮೂಳೆಯದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಮೂಳೆಯಿಂದ ಬರದ ಜಿಜಿಟಿ ಎಂಬ ಇನ್ನೊಂದು ಕಿಣ್ವ ನೋಡಿದರು. ಅದೂ ಏರಿತ್ತು. ಆಮೇಲೆ ಎಎಂಎ ಎಂಬ ಪ್ರತಿಕಾಯ ಹುಡುಕಿದರು. ಪಿಬಿಸಿ ಇರುವ 100 ಜನರಲ್ಲಿ 90ಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಸಿಗುತ್ತದೆ. ನನ್ನಲ್ಲೂ ಸಿಕ್ಕಿತು. ಇಷ್ಟನ್ನು ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ದೊಡ್ಡಪ್ಪ ಬಂದರು.

ದೊಡ್ಡಪ್ಪ: ಲಿವರ್ ತೊಂದರೆ ನಾವೇ ತಂದುಕೊಳ್ಳುವುದು. ಬಾಯಿಗೆ ಹಿಡಿತ ಇರಬೇಕು. ಶಿಸ್ತಿನಿಂದ ಬದುಕಿದವರಿಗೆ ಸಿರೋಸಿಸ್ ಬರುವುದಿಲ್ಲ, ಲಿವರ್ ಗಟ್ಟಿಯಾಗುವುದಿಲ್ಲ. ಇದು ಯಾರಿಗೂ ಹೇಳಿದ್ದಲ್ಲ, ಸಾಮಾನ್ಯವಾಗಿ ಹೇಳುತ್ತಿದ್ದೇನೆ.

ಅದು ನನಗೇ ಹೇಳಿದ್ದು ಅಂತ ಎಲ್ಲರಿಗೂ ಗೊತ್ತು. ಮೊದಲ ಸಲ ನನ್ನ ಚೀಟಿಯಲ್ಲಿ ಕಾಯಿಲೆಯ ಹಳೆಯ ಹೆಸರು ಬರೆದಿದ್ದರು, 'ಪ್ರೈಮರಿ ಬಿಲಿಯರಿ ಸಿರೋಸಿಸ್' ಅಂತ. ದೊಡ್ಡಪ್ಪ ಆ ಕೊನೆಯ ಪದ ಒಂದನ್ನೇ ಹಿಡಿದುಕೊಂಡರು. ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ವನಜಾ ಕುಡಿಯುತ್ತಾಳಾ ಅಂತ ಕೇಳಿದ್ದರು. ಆರು ವರ್ಷ ಆ ಮಾತು ನನ್ನೊಳಗೇ ಇತ್ತು. ಆವತ್ತು ಗುಂಪಿನಲ್ಲೇ ಬರೆದುಬಿಟ್ಟೆ.

ನಾನು: ದೊಡ್ಡಪ್ಪಾ, ಇದಕ್ಕೂ ಕುಡಿತಕ್ಕೂ ಸಂಬಂಧ ಇಲ್ಲ. ನನಗೆ ಸಿರೋಸಿಸ್ ಇಲ್ಲ. ಈ ಕಾಯಿಲೆ ಇರುವ ಹೆಚ್ಚಿನವರಿಗೆ ಪತ್ತೆಯಾಗುವಾಗ ಸಿರೋಸಿಸ್ ಇರುವುದೇ ಇಲ್ಲ. ಆ ಪದದಿಂದ ರೋಗಿಗಳಿಗೆ ಕುಡುಕರು ಅಂತ ಹೆಸರು ಬರುತ್ತಿತ್ತು. ಅದಕ್ಕೇ 2015ರಲ್ಲಿ ಹೆಸರನ್ನು 'ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್' ಅಂತ ಬದಲಾಯಿಸಿದರು. ನೀವು ಅವರ ಹತ್ತಿರ ಏನು ಕೇಳಿದಿರಿ ಅಂತ ನನಗೆ ಆವತ್ತೇ ಗೊತ್ತಾಗಿತ್ತು.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.

ದೊಡ್ಡಪ್ಪ: ಹಿರಿಯನಾಗಿ ಕಾಳಜಿಯಿಂದ ಕೇಳಿದ್ದೆ. ಅದನ್ನು ಎಲ್ಲರ ಮುಂದೆ ತರುವ ಅಗತ್ಯ ಇರಲಿಲ್ಲ.

ಗಿರಿ: ಎಲ್ಲರೂ ಸ್ವಲ್ಪ ತಣ್ಣಗಾಗಿ. ಅಜ್ಜಿ ಮನೆಯ ಫೋಟೋ ಸಿಕ್ಕಿತು ನೋಡಿ. ಬೇಸಿಗೆ ರಜೆಯಲ್ಲಿ ನಾವು ಹನ್ನೊಂದು ಜನ ಸಾಲಾಗಿ ಮಲಗುತ್ತಿದ್ದೆವು. ಒಬ್ಬರ ಬೆನ್ನು ಇನ್ನೊಬ್ಬರು ಕೆರೆಯಬೇಕು, ನೂರು ಎಣಿಸುವ ತನಕ ಬಿಡುವ ಹಾಗಿಲ್ಲ. ನೆನಪಿದೆಯಾ ವನಜಕ್ಕಾ? ನೀನು ಎಪ್ಪತ್ತಕ್ಕೇ ನಿಲ್ಲಿಸಿ ಮೋಸ ಮಾಡುತ್ತಿದ್ದೆ.

ಫೋಟೋಗೆ ಹದಿನಾಲ್ಕು ಹೃದಯ ಬಿತ್ತು. ಯಾರು ಯಾವ ತುದಿಯಲ್ಲಿ ಮಲಗುತ್ತಿದ್ದರು, ಅಜ್ಜಿಗೆ ಯಾರ ಮೇಲೆ ಪ್ರೀತಿ ಜಾಸ್ತಿ ಅಂತ ಒಂದು ಗಂಟೆ ಮಾತು ನಡೆಯಿತು. ಗಿರಿ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದ. ಆದರೆ ಆ ಸಾಲಿನ ನೆನಪು ನನಗೆ ಬೇರೆ ತರಹ ತಾಗಿತು. ಆಗಿನ ತುರಿಕೆ ಕೆರೆದರೆ ಹೋಗುತ್ತಿತ್ತು. ಈಗಿನದು ಕೆರೆದಷ್ಟೂ ಒಳಗೇ ಉಳಿಯುತ್ತದೆ. ಚರ್ಮದ ಮೇಲೆ ಗುಳ್ಳೆ ಇಲ್ಲ, ಕೆಂಪು ಇಲ್ಲ. ಸಂಜೆಯಾಗುತ್ತಿದ್ದಂತೆ ಅಂಗೈ, ಅಂಗಾಲಿನಲ್ಲಿ ಶುರುವಾಗುತ್ತದೆ. ಹೊದ್ದು ಮಲಗಿ ಮೈ ಬೆಚ್ಚಗಾದರೆ ಇನ್ನೂ ಜಾಸ್ತಿ. ಮೈಮೇಲೆ ಕಾಣುವ ಗಾಯವೆಲ್ಲ ನನ್ನ ಉಗುರಿನದೇ.

ಮಧ್ಯಾಹ್ನ ಅತ್ತೆ ಮತ್ತೆ ಬಂದರು. ಈ ಸಲ ಫಾರ್ವರ್ಡಿನ ವಿಷಯ ಅಲ್ಲ.

ಸರಳತ್ತೆ: ಒಂದು ಮಾತು ಕೇಳಿಬಿಡುತ್ತೇನೆ. ನನ್ನ ಮಗಳ ನಿಶ್ಚಿತಾರ್ಥದ ದಿನ ಅರ್ಧದಲ್ಲೇ ಎದ್ದು ಹೋದೆಯಲ್ಲ, ಆಗ ನಿನ್ನ ರಿಪೋರ್ಟ್ ಚೆನ್ನಾಗಿತ್ತು. ನಿಮ್ಮಮ್ಮನೇ ಹೇಳಿದ್ದಳು, 480 ಇದ್ದದ್ದು 170ಕ್ಕೆ ಇಳಿದಿದೆ ಅಂತ. ಬೀಗರ ಮುಂದೆ ನನಗೆ ಎಷ್ಟು ಅವಮಾನ ಆಯಿತು ಗೊತ್ತಾ?

ಅಮ್ಮ: ನಾನು ಸಂತೋಷಕ್ಕೆ ಹೇಳಿದ್ದು ಸರಳಾ. ನೀನು ಅದನ್ನು ಲೆಕ್ಕ ಇಟ್ಟುಕೊಂಡಿದ್ದೀಯ ಅಂತ ಗೊತ್ತಿರಲಿಲ್ಲ.

ಶ್ರೀಧರ ಭಾವ: ಅತ್ತೆ ಕೇಳುವ ರೀತಿ ಸರಿ ಇಲ್ಲ. ಆದರೆ ಪ್ರಶ್ನೆ ಇದೆ ವನಜಾ. ಎಎಲ್‌ಪಿ ಅಷ್ಟು ಇಳಿದರೆ ತುರಿಕೆಯೂ ಇಳಿಯಬೇಕಲ್ಲ? ಇಳಿಯುವುದಿಲ್ಲ ಅನ್ನುವುದಕ್ಕೆ ಏನಾದರೂ ಆಧಾರ ಇದೆಯಾ?

ನನಗೆ ನಿಜಕ್ಕೂ ನೋವಾದದ್ದು ಇಲ್ಲಿ. ಕೂತು ಒಂದೇ ಉಸಿರಿಗೆ ಉದ್ದಕ್ಕೆ ಬರೆದೆ.

ನಾನು: ಇದೆ ಭಾವ. ಎಎಲ್‌ಪಿ, ಕಾಮಾಲೆಯ ಅಂಕಿ ಬಿಲಿರುಬಿನ್ ನೋಡಿ ತುರಿಕೆ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ. ಎಎಲ್‌ಪಿ ಸಾವಿರ ಇದ್ದವರು ನಿದ್ದೆ ಮಾಡುತ್ತಾರೆ. ಹೆಚ್ಚುಕಮ್ಮಿ ಮಾಮೂಲಿ ಇದ್ದವರು ರಕ್ತ ಬರುವಂತೆ ಕೆರೆದುಕೊಳ್ಳುತ್ತಾರೆ. ನಾನು ನುಂಗುವ ಉರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಕಾಯಿಲೆಯ ಓಟ ನಿಧಾನ ಮಾಡುತ್ತದೆ, ಎಎಲ್‌ಪಿ ಇಳಿಸುತ್ತದೆ. ತುರಿಕೆಗೆ ಅದರಿಂದ ಅಂಥ ಉಪಯೋಗ ಇಲ್ಲ. ಇನ್ನೊಂದು ಔಷಧಿ ನೋಡಿ, ಒಬೆಟಿಕೋಲಿಕ್ ಆಸಿಡ್. ಅಮೆರಿಕದಲ್ಲಿ 2016ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ಅದೂ ಎಎಲ್‌ಪಿ ಇಳಿಸುತ್ತಿತ್ತು. ಆದರೆ ಅದರ ಮುಖ್ಯ ಅಡ್ಡಪರಿಣಾಮವೇ ತುರಿಕೆ. ಅಂಕಿ ಇಳಿಯುವಾಗಲೇ ತುರಿಕೆ ಏರಿತು. ಇದಕ್ಕಿಂತ ಆಧಾರ ಬೇಕಾ? 2010ರಲ್ಲಿ ಬಂದ ಒಂದು ಸಂಶೋಧನೆಯಲ್ಲಿ ತುರಿಕೆಯ ಜೊತೆ ಹೊಂದಿಕೊಂಡದ್ದು ರಕ್ತದಲ್ಲಿರುವ ಆಟೋಟ್ಯಾಕ್ಸಿನ್ ಎಂಬ ಕಿಣ್ವ. ನಮ್ಮ ಮಾಮೂಲಿ ಲಿವರ್ ಪರೀಕ್ಷೆ ಎಲ್‌ಎಫ್‌ಟಿಯಲ್ಲಿ ಅದು ಇರುವುದೇ ಇಲ್ಲ.

ಶ್ರೀಧರ ಭಾವ: ಒಬೆಟಿಕೋಲಿಕ್ ವಿಷಯ ಈಗ ನೋಡಿದೆ. ನೀನು ಹೇಳಿದ್ದು ಸರಿ.

ಭಾವ ಯಾರಿಗೂ ಅಷ್ಟು ಬೇಗ ಒಪ್ಪಿದವರಲ್ಲ. ಆದರೆ ಗುಂಪು ಅಲ್ಲಿಗೆ ನಿಲ್ಲಲಿಲ್ಲ. ಒಬ್ಬರು ಅಲರ್ಜಿ ಮಾತ್ರೆ ತೆಗೆದುಕೋ ಅಂದರು. ಅದರಿಂದ ಮಂಪರು ಬರುತ್ತದೆ, ತುರಿಕೆ ಹೋಗುವುದಿಲ್ಲ. ಮತ್ತೊಬ್ಬರು ಸೋಪು ಬದಲಾಯಿಸು ಅಂದರು. ಈಗ ಏನು ಔಷಧಿ ಅಂತ ಯಾರೋ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೊದಲು ಕೊಲೆಸ್ಟಿರಮೈನ್ ಪುಡಿ ಕೊಟ್ಟರು. ಅದು ಕರುಳಿನಲ್ಲಿ ಪಿತ್ತದ ಆಮ್ಲವನ್ನು ಹಿಡಿದುಕೊಳ್ಳುತ್ತದೆ. ಬೇರೆ ಮಾತ್ರೆಗಳನ್ನೂ ಹಿಡಿದುಬಿಡುತ್ತದೆ, ಅದಕ್ಕೇ ಪುಡಿ ಕುಡಿದ ಮೇಲೆ ನಾಲ್ಕು ಗಂಟೆ ಬಿಟ್ಟು ಉಳಿದ ಮಾತ್ರೆ ನುಂಗಬೇಕು. ಅದು ಸಾಲಲಿಲ್ಲ. ಈಗ ರಿಫಾಂಪಿಸಿನ್ ನಡೆಯುತ್ತಿದೆ.

ದೊಡ್ಡಪ್ಪ: ರಿಫಾಂಪಿಸಿನ್ ಟಿಬಿ ಮಾತ್ರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಇದನ್ನೂ ಮುಚ್ಚಿಟ್ಟಿದ್ದೀರಾ?

ನಾನು: ನನಗೆ ಟಿಬಿ ಇಲ್ಲ ದೊಡ್ಡಪ್ಪ. ಪಿತ್ತದ ತುರಿಕೆಗೂ ಅದನ್ನು ಕೊಡುತ್ತಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೆಲವರ ಲಿವರ್‌ಗೆ ಅದೇ ಪೆಟ್ಟು ಕೊಡಬಹುದು, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೇನೆ. ನನ್ನ ರಿಪೋರ್ಟಿನ ಒಂದು ಉಪಯೋಗ ಅದು. ಕಾಯಿಲೆ ಎತ್ತ ಹೋಗುತ್ತಿದೆ ಅಂತ ಹೇಳುವುದು ಇನ್ನೊಂದು. ನಾನು ಸುಳ್ಳು ಹೇಳುತ್ತಿದ್ದೇನಾ ಅಂತ ನೋಡುವುದಕ್ಕೆ ಅದು ಇರುವುದಲ್ಲ.

ಅಮ್ಮ: ಅಣ್ಣಾವ್ರೇ, ಇನ್ನು ಸಾಕು.

ಅಮ್ಮ ಗುಂಪಿನಲ್ಲಿ ದೊಡ್ಡಪ್ಪನಿಗೆ ಎದುರಾಡಿದ್ದು ನನಗೆ ತಿಳಿದಂತೆ ಅದೇ ಮೊದಲು. ದೊಡ್ಡಪ್ಪ ಗುಂಪು ಬಿಟ್ಟು ಹೋದರು. ಗಿರಿ ಸೇರಿಸಿದ. ಮತ್ತೆ ಬಿಟ್ಟರು. ಅವರನ್ನು ಸೇರಿಸಬೇಕಾ, ಯಾರು ಕ್ಷಮೆ ಕೇಳಬೇಕು ಅನ್ನುವುದೇ ಸಂಜೆಯ ತನಕ ಚರ್ಚೆ. ಅದರ ನಡುವೆ ಪ್ರಮೋದ ಒಬ್ಬನೇ ಒಂದು ಉಪಯೋಗದ ಪ್ರಶ್ನೆ ಕೇಳಿದ. ಅವನ ಸ್ನೇಹಿತನಿಗೆ ಪಿಎಸ್‌ಸಿ ಎಂಬ, ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಬೇರೊಂದು ಕಾಯಿಲೆ ಇದೆಯಂತೆ, ಜೊತೆಗೆ ಕರುಳಿನ ಉರಿಯೂತ ಕೊಲೈಟಿಸ್ ಕೂಡ. ಎಎಲ್‌ಪಿ ಒಂದು ತಿಂಗಳು ಏರುತ್ತದೆ, ಇನ್ನೊಂದು ತಿಂಗಳು ಇಳಿಯುತ್ತದೆ, ಯಾವುದನ್ನು ನಂಬಬೇಕು ಅಂತ. ಅವೆರಡು ಜೊತೆಯಾಗಿ ಬರುವುದು ಸಾಮಾನ್ಯ, ಆ ಕಾಯಿಲೆಯಲ್ಲಿ ಅಂಕಿ ತನ್ನಷ್ಟಕ್ಕೇ ಏರಿಳಿಯುತ್ತದೆ, ಒಂದೇ ರಿಪೋರ್ಟ್ ಹಿಡಿದು ಹೆದರುವುದೂ ಬೇಡ, ಕುಣಿಯುವುದೂ ಬೇಡ ಅಂದೆ. ಚಳಿ ನಡುಕದ ಜ್ವರ ಬಂದು ಕಣ್ಣು ಹಳದಿಯಾದರೆ ಮಾತ್ರ ರಿಪೋರ್ಟಿಗೆ ಕಾಯುತ್ತಾ ಕೂರಬಾರದು, ಪಿತ್ತನಾಳಕ್ಕೆ ಸೋಂಕು ತಗುಲಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು ಅಂತಲೂ ಬರೆದೆ. ಅವನು ಅದನ್ನು ಸ್ನೇಹಿತನಿಗೆ ಕಳಿಸಿದ.

ರಾತ್ರಿ ಊಟದ ಮೇಲೆ ನಾನು ಬೆಳಗಿನ ಫಾರ್ವರ್ಡನ್ನು ಪೂರ್ತಿ ತೆರೆದೆ. ತಲೆಬರಹ ಬರೆದವರು ಒಬ್ಬರು, ಒಳಗಿನದು ಬರೆದವರು ಇನ್ನೊಬ್ಬರು ಅನ್ನಿಸಿತು. ಕೊನೆಯ ಪ್ಯಾರಾದಲ್ಲಿ ಹೀಗಿತ್ತು: "ಪಿತ್ತನಾಳದ ಕಾಯಿಲೆ ಇರುವವರಿಗೆ ರಕ್ತ ಪರೀಕ್ಷೆ ಸುಧಾರಿಸಿದ ಮೇಲೂ ತುರಿಕೆ ಇರಬಹುದು. ಅವರ ಮಾತನ್ನು ನಂಬಿ." ಇಡೀ ದಿನ ನಾವು ಜಗಳವಾಡಿದ್ದು ಇದರ ಮೇಲೆ. ಆ ಎರಡು ಸಾಲನ್ನು ಕತ್ತರಿಸಿ ಗುಂಪಿಗೆ ಹಾಕಿ, ಫೋನ್ ಬದಿಗಿಟ್ಟು ಮಲಗಿದೆ.

ರಾತ್ರಿ 2:20ಕ್ಕೆ ಫೋನ್ ಬೆಳಗಿತು. ಗುಂಪಿನಲ್ಲಲ್ಲ, ನನಗೊಬ್ಬಳಿಗೇ.

ಸರಳತ್ತೆ: ಎದ್ದಿದ್ದೀಯಾ?

ನಾನು: ಹೌದು ಅತ್ತೆ.

ಸರಳತ್ತೆ: ನೀನು ಹಾಕಿದ ಸಾಲು ಓದಿದೆ. ನಿಶ್ಚಿತಾರ್ಥದ ದಿನವೇ ಯಾಕೆ ಹೇಳಲಿಲ್ಲ?

ನಾನು: ಹೇಳಿದ್ದೆ ಅತ್ತೆ. ತುಂಬಾ ತುರಿಕೆ, ಕೂರಲು ಆಗುತ್ತಿಲ್ಲ ಅಂದೆ. ರಿಪೋರ್ಟ್ ಎಷ್ಟು ಬಂದಿದೆ ಅಂತ ನೀವು ಕೇಳಿದಿರಿ.

ಬಹಳ ಹೊತ್ತು ಅವರು ಟೈಪ್ ಮಾಡುತ್ತಲೇ ಇದ್ದರು. ನಿಲ್ಲಿಸಿದರು. ಮತ್ತೆ ಶುರು ಮಾಡಿದರು.

ಸರಳತ್ತೆ: ಈಗ ಎಲ್ಲಿ ತುರಿಸುತ್ತಿದೆ?

ನಾನು: ಅಂಗಾಲು.

ಸರಳತ್ತೆ: ಎರಡೂನಾ?

ನಾನು: ಎರಡೂ. ಎಡಗಾಲು ಜಾಸ್ತಿ.